ಬ್ರೇಕಕ್ಕನ ಭಾನುವಾರಕ್ಕೆ ನಿನ್ನೆಯ ಅನ್ನ

ಏರಿನ ನಡುಮಧ್ಯದಲ್ಲಿ ಕಾರು ಆಫ್ ಆಯಿತು. ಹಿಂದೆ ಬರುತ್ತಿದ್ದ ಹಾಲಿನ ವ್ಯಾನಿನವನು ಹಾರ್ನಿನ ಮೇಲೆ ಕೈ ಇಟ್ಟವನು ತೆಗೆಯಲೇ ಇಲ್ಲ. ಸ್ಟಿಯರಿಂಗ್ ಹಿಡಿದು ಕೂತಿದ್ದ ಹಲ್ಲಿನ ಡಾಕ್ಟರ ಮುಖ ಬಿಳಿಚಿಕೊಂಡಿತು.

"ಹಿಂದಕ್ಕೆ ಹೋಗ್ತಿದೆ ಮೇಡಂ, ಹಿಂದಕ್ಕೆ ಹೋಗ್ತಿದೆ!"

"ಕಾರು ನಿಂತಲ್ಲೇ ಇದೆ ಡಾಕ್ಟ್ರೇ, ಹೋಗ್ತಿರೋದು ನಿಮ್ಮ ಜೀವ. ನಿಮ್ಮ ಕುರ್ಚಿ ಮೇಲೆ ಕೂತಾಗ ನಾವು ಬಾಯಿ ತೆಗೀತೀವಿ. ಇಲ್ಲಿ ನೀವು ಬಾಯಿ ಮುಚ್ಚಿ, ಕ್ಲಚ್ ತುಳೀರಿ."

ಕಾರು ನಿಂತಲ್ಲೇ ಇದ್ದದ್ದಕ್ಕೆ ಕಾರಣ ಪಕ್ಕದಲ್ಲಿ ಕೂತು ಕಲಿಸುತ್ತಿದ್ದವಳ ಕಾಲು. ಡ್ರೈವಿಂಗ್ ಸ್ಕೂಲಿನ ಕಾರುಗಳಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದೆ. ಕೈ ಮಡಿಲಲ್ಲಿ, ಕಣ್ಣು ರಸ್ತೆಯಲ್ಲಿ, ಪಾದ ಆ ಬ್ರೇಕಿನ ಮೇಲೆ ಕೂದಲೆಳೆಯಷ್ಟು ಎತ್ತರದಲ್ಲಿ, ಹೀಗೆ ಕೂತೇ ಅವಳು ಅರ್ಧ ಊರಿಗೆ ಕಾರು ಓಡಿಸಲು ಕಲಿಸಿದ್ದಾಳೆ. ಕಲಿತವರು ಅವಳಿಗೆ ಬ್ರೇಕಕ್ಕ ಎಂದು ಹೆಸರಿಟ್ಟಿದ್ದಾರೆ. ಎದುರಿಗೆ ಮೇಡಂ, ಬೆನ್ನ ಹಿಂದೆ ಬ್ರೇಕಕ್ಕ. ಅವಳಿಗೆ ಅದು ಗೊತ್ತಿದೆ, ಬೇಜಾರಿಲ್ಲ.

ಬೇಜಾರಿರುವುದು ಬೇರೆಯದಕ್ಕೆ. ವಾರವೆಲ್ಲ ಕಾರಿನಲ್ಲಿರುವ ಅವಳು ಕಾರು ಓಡಿಸುವುದೇ ಇಲ್ಲ. ಬೆಳಿಗ್ಗೆ ಶೆಡ್ಡಿನಿಂದ ಹೊರಗೆ ತೆಗೆಯುವುದು, ಸಂಜೆ ಒಳಗೆ ಬಿಡುವುದು, ಮುಗಿಯಿತು. ಮಿಕ್ಕಂತೆ ಇನ್ನೊಬ್ಬರ ತಪ್ಪಿಗೆ ಕಾಯುತ್ತ ಪಕ್ಕದಲ್ಲಿ ಕೂರುವ ಕೆಲಸ. ಸ್ಕೂಲಿನ ಮಾಲೀಕ ಒಳ್ಳೆಯವನು. "ಭಾನುವಾರ ಕಾರು ಸುಮ್ಮನೆ ನಿಂತಿರುತ್ತೆ, ಬೇಕಾದ್ರೆ ತಗೊಂಡು ಹೋಗಮ್ಮ," ಎಂದು ಯಾವತ್ತೋ ಹೇಳಿದ್ದ. ಆ ಮಾತು ಅವಳ ತಲೆಯಲ್ಲಿ ಹುಳದಂತೆ ಹೊಕ್ಕು ಕೂತಿತ್ತು. ಹೋಗಬೇಕಾದ ಜಾಗ ಅಂತ ಯಾವುದೂ ಇರಲಿಲ್ಲ. ಸ್ಟಿಯರಿಂಗ್ ಹಿಡಿದು, ಯಾರಿಗೂ ಏನೂ ಕಲಿಸದೆ, ರಸ್ತೆ ಮುಗಿಯುವವರೆಗೆ ಹೋಗಿ ಬರಬೇಕು. ಅಷ್ಟೇ ಆಸೆ.

ಅಡ್ಡ ಇದ್ದದ್ದು ಭಾನುವಾರದ ಮಧ್ಯಾಹ್ನದ ಊಟ. ವಾರದ ದಿನಗಳಲ್ಲಿ ರಾತ್ರಿಯ ಅಡುಗೆ ಅತ್ತೆಯದು, ಭಾನುವಾರ ಮಧ್ಯಾಹ್ನದ್ದು ಸೊಸೆಯದು. ಮದುವೆಯಾದ ಹೊಸತರಲ್ಲಿ ಆದ ಏರ್ಪಾಡು. ಬರೆದಿಟ್ಟದ್ದಲ್ಲ, ಹಾಗಾಗಿ ಅಳಿಸುವುದೂ ಕಷ್ಟ.

ಒಂದು ಸಂಜೆ ಊಟದ ಮೇಜಿನಲ್ಲಿ ಅವಳು ಆ ಮಾತು ಎತ್ತಿದಳು. ಅತ್ತೆ ಚಮಚ ಕೆಳಗಿಟ್ಟರು.

"ಹೋಗು, ಯಾರು ಬೇಡ ಅಂದ್ರು? ಆದ್ರೆ ಊಟ ಯಾರು ಹಾಕ್ತಾರೆ? ನಿನ್ನ ಗಂಡಾನಾ?"

ಗಂಡ ಲಿಫ್ಟ್ ಮೆಕ್ಯಾನಿಕ್. ಮಾತೇ ಬರದವನ ಹಾಗೆ ತಲೆ ತಗ್ಗಿಸಿ ಉಣ್ಣುವವನು, ಅವತ್ತು ಮಾತ್ರ ತಲೆ ಎತ್ತಿದ. ಹಿಂದಿನ ವಾರ ಒಂದು ಥಾಯ್ ಹೋಟೆಲಿನಲ್ಲಿ, ಅಡುಗೆಮನೆಯಿಂದ ಮೇಲಿನ ಮಹಡಿಗೆ ತಟ್ಟೆ ಸಾಗಿಸುವ ಪುಟ್ಟ ಲಿಫ್ಟು ಕೆಟ್ಟಿತ್ತು. ಅದರ ಕಿಂಡಿಯೊಳಗೆ ತಲೆ ತೂರಿಸಿಕೊಂಡು ಅವನು ಇಡೀ ಮಧ್ಯಾಹ್ನ ಕೆಲಸ ಮಾಡಿದ್ದ. ಕಿಂಡಿಯ ಆಚೆ ಅಡುಗೆ ಭಟ್ಟ ಒಂದರ ಹಿಂದೊಂದು ಚಿಕನ್ ಫ್ರೈಡ್ ರೈಸ್ ಮಾಡುತ್ತಿದ್ದ. ಕೊನೆಗೆ ಒಂದು ತಟ್ಟೆ ಇವನಿಗೂ ಬಂತು. ಅಂದಿನಿಂದ ಅವನು ಮನೆಯಲ್ಲಿ ಅದನ್ನೇ ಕೊಚ್ಚಿಕೊಳ್ಳುತ್ತಿದ್ದ.

"ಮಾಡ್ತೀನಿ. ಅದೇನು ಮಹಾ? ಥಾಯ್ ಫ್ರೈಡ್ ರೈಸ್. ಕಣ್ಣಾರೆ ನೋಡಿದೀನಿ."

"ಅಪ್ಪಾ, ನಾನು ವಿಮಾನಾನೂ ಕಣ್ಣಾರೆ ನೋಡಿದೀನಿ," ಎಂದಳು ಕಾಲೇಜಿಗೆ ಹೋಗುವ ಮಗಳು.

ಅತ್ತೆಗೆ ನಗು ತಡೆಯಲಾಗಲಿಲ್ಲ. ಮಗ ನೀರು ಕಾಯಿಸಲು ಹೋಗಿ ಪಾತ್ರೆಯ ತಳ ಸುಟ್ಟದ್ದನ್ನು ಅವರು ಮರೆತಿರಲಿಲ್ಲ. "ಸರಿ. ಅವನು ಮಾಡಿದ್ದನ್ನ ನಾನು ಎರಡನೇ ಸಲ ಬಡಿಸ್ಕೊಂಡು ತಿಂದ್ರೆ, ಭಾನುವಾರ ನಿಂದು. ತಿನ್ನದಿದ್ರೆ ಈ ಮಾತು ಮತ್ತೆ ಎತ್ತಬಾರದು."

ಹಾಗೆ ಅವಳ ಭಾನುವಾರ ಹೋಗಿ ಗಂಡನ ಬಾಣಲೆಗೆ ಬಿತ್ತು. "ಮೊದಲು ಒಂದ್ಸಲ ಕೈ ಪಳಗಿಸ್ಕೋತೀನಿ, ಅದು ಪಂದ್ಯಕ್ಕೆ ಸೇರಲ್ಲ," ಎಂದು ಅವನು ತಾಯಿಯಿಂದ ರಿಯಾಯಿತಿಯನ್ನೂ ಪಡೆದ.

ಕೈ ಪಳಗಿಸಿದ ಭಾನುವಾರ ನೆನೆಸಿಕೊಳ್ಳುವಂಥದ್ದಲ್ಲ. ಆಗಷ್ಟೇ ಬೆಂದ ಬಿಸಿ ಅನ್ನವನ್ನು ಬಾಣಲೆಗೆ ಸುರಿದ, ಫಿಶ್ ಸಾಸ್ ಹೊಯ್ದ. ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಕೊಳೆಸಿ ಇಳಿಸಿದ ರಸ ಅದು. ನಾಲಿಗೆಗೆ ರುಚಿ, ಮೂಗಿಗೆ ಶಿಕ್ಷೆ. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಫ್ರಿಜ್ಜಿನ ಹಿಂದೆ ಬಗ್ಗಿ ನೋಡಿದರು.

"ಏನಜ್ಜೀ ಹುಡುಕ್ತಿದೀಯ?"

"ಏನೋ ಸತ್ತಿದೆ ಕಣೇ ಇಲ್ಲಿ."

ಸತ್ತದ್ದು ಅನ್ನ. ಒಂದಗುಳು ಇನ್ನೊಂದನ್ನು ಬಿಡದೆ ಅಪ್ಪಿಕೊಂಡು ಬಾಣಲೆಯ ತುಂಬ ಒಂದೇ ಗಟ್ಟಿ ಆಗಿತ್ತು. ಅತ್ತೆ ಅದನ್ನು ಚಮಚದ ಹಿಂಬದಿಯಿಂದ ತಟ್ಟಿ ನೋಡಿ, "ಬಚ್ಚಲ ಗೋಡೆ ಬಿರುಕು ಬಿಟ್ಟಿದೆ, ಅಲ್ಲಿಗೆ ಮೆತ್ತು," ಎಂದರು. ಗಂಡ ಇಂಗು ತಿಂದ ಮಂಗನಂತೆ ನಿಂತ.

ಆಮೇಲೆ ಮೆಲ್ಲಗೆ ಹೆಂಡತಿಯ ಕಿವಿಯಲ್ಲಿ ಹೇಳಿದ. "ಆ ಭಟ್ಟ ಒಂದು ಮಾತು ಹೇಳಿದ್ದ. ಅನ್ನ ನಿನ್ನೇದಾಗಿರ್ಬೇಕಂತೆ. ಫ್ರಿಜ್ಜಲ್ಲಿ ರಾತ್ರಿ ಕಳೆದು, ಒಣಗಿ, ಉದುರುದುರಾಗಿರ್ಬೇಕಂತೆ. ಹೋಟೆಲಿನವರು ಉಳಿದಿದ್ದನ್ನ ಖರ್ಚು ಮಾಡೋಕೆ ಹಾಗಂತಾರೆ ಅಂದ್ಕೊಂಡೆ."

"ಅದನ್ನ ಈಗ ಹೇಳ್ತೀರಲ್ಲ ರೀ!"

ಅವಳಿಗೆ ಕೋಪಕ್ಕಿಂತ ಚಿಂತೆ ಹೆಚ್ಚಾಯಿತು. ಯಾಕೆಂದರೆ ಆ ಮನೆಯಲ್ಲಿ ಏನು ಬೇಕಾದರೂ ಸಿಗುತ್ತಿತ್ತು, ನಿನ್ನೆಯ ಅನ್ನ ಸಿಗುತ್ತಿರಲಿಲ್ಲ.

ಅದು ಅತ್ತೆಯ ಹೆಮ್ಮೆ. ಹಾಲಿನ ಪುಡಿ ಡಬ್ಬದ ಹಳೆಯ ಮುಚ್ಚಳವೇ ಅವರ ಅಕ್ಕಿಯ ಅಳತೆ. ಸಂಜೆ ಬಾಗಿಲು ತೆಗೆಯುವಾಗ ಬಂದವರ ಮುಖ ನೋಡುತ್ತಾರೆ. ಯಾರು ಹೊರಗೆ ಏನಾದರೂ ಮುಕ್ಕಿ ಬಂದಿದ್ದಾರೆ, ಯಾರ ಹೊಟ್ಟೆ ತಾಳ ಹಾಕುತ್ತಿದೆ, ಯಾರು ಯಾರ ಮೇಲೆ ಮುನಿಸಿಕೊಂಡು ಅರ್ಧ ಊಟಕ್ಕೆ ಏಳುತ್ತಾರೆ, ಎಲ್ಲ ಆ ಒಂದು ನೋಟದಲ್ಲೇ ತೀರ್ಮಾನ. ಆಮೇಲೆ ಒಳಗೆ ಹೋಗಿ ಅಕ್ಕಿ ಹಾಕುತ್ತಾರೆ. ಕೊನೆಯವರು ಕೈ ತೊಳೆಯುವ ಹೊತ್ತಿಗೆ ಪಾತ್ರೆಯಲ್ಲಿ ಒಂದಗುಳೂ ಇರುವುದಿಲ್ಲ, ಯಾರ ಹೊಟ್ಟೆಯಲ್ಲೂ ಜಾಗ ಇರುವುದಿಲ್ಲ. "ನಮ್ಮನೆ ಫ್ರಿಜ್ಜಲ್ಲಿ ನಿನ್ನೆ ಅನ್ನೋದೇ ಇಲ್ಲ," ಎಂದು ಬಂದವರಿಗೆಲ್ಲ ಹೇಳುತ್ತಾರೆ. ಅಂಥವರ ಹತ್ತಿರ ಹೋಗಿ ಸ್ವಲ್ಪ ಅನ್ನ ಉಳಿಸಿ ಎಂದು ಕೇಳುವುದು ಹೇಗೆ? ಅದೂ ಅವರನ್ನೇ ಸೋಲಿಸಲಿಕ್ಕೆ?

"ಕೇಳೋದು ಬೇಡ," ಎಂದಳು ಬ್ರೇಕಕ್ಕ. "ಶನಿವಾರ ಸಂಜೆ ಮೂರೂ ಜನ ಹಸಿದ ಮುಖ ಹೊತ್ಕೊಂಡು ಬರೋಣ. ಜಾಸ್ತಿ ಅಕ್ಕಿ ಹಾಕ್ತಾರೆ. ನಾವು ಕಮ್ಮಿ ತಿನ್ನೋಣ. ಉಳಿಯುತ್ತೆ."

ಶನಿವಾರ ಮೂವರೂ ಬಂದರು. ಮಗಳು ಗೋಡೆ ಹಿಡಿದುಕೊಂಡು ಒಳಗೆ ಬಂದಳು. ಗಂಡ ಬಾಗಿಲಲ್ಲೇ ಕುಸಿದು ಕೂತು, "ಅಮ್ಮಾ, ಕಣ್ಣು ಕತ್ತಲೆ ಬರ್ತಿದೆ," ಎಂದ. ಅತ್ತೆ ಅವನ ಹಣೆ ಮುಟ್ಟಿ ನೋಡಿ ಒಳಗೆ ಹೋದರು. ಅಕ್ಕಿಯ ಡಬ್ಬದೊಳಗೆ ಮುಚ್ಚಳ ಮಾಮೂಲಿಗಿಂತ ಹೆಚ್ಚು ಸಲ ಇಳಿದ ಸದ್ದು ಕೇಳಿ ಬ್ರೇಕಕ್ಕ ಮಗಳಿಗೆ ಕಣ್ಣು ಹೊಡೆದಳು.

ಊಟಕ್ಕೆ ಕೂತರು. ಅತ್ತೆಯ ಎದುರಿಗೆ ಸೊಸೆ, ಪಕ್ಕದಲ್ಲಿ ಮಗ. ಬ್ರೇಕಕ್ಕ ತುಸುವೇ ಬಡಿಸಿಕೊಂಡಳು. ಮಗಳು ಪರೀಕ್ಷೆಯ ನೆಪ ಹೇಳಿ ಬೇಗ ಎದ್ದಳು. ಗಂಡ ಮಾತ್ರ ಒಪ್ಪಂದವನ್ನೇ ಮರೆತಿದ್ದ. ಹಸಿವಿನ ನಟನೆ ಮಾಡಿ ಮಾಡಿ ಅವನಿಗೆ ನಿಜವಾಗಿಯೇ ಹಸಿವಾಗಿತ್ತು. ಮೊದಲ ಸಲ ಬಡಿಸಿಕೊಂಡ, ಎರಡನೇ ಸಲ ಬಡಿಸಿಕೊಂಡ. ಕೈ ಮೂರನೇ ಸಲ ಪಾತ್ರೆಯತ್ತ ಹೊರಟಿತು. ಬ್ರೇಕಕ್ಕ ಮುಖ ಅಲ್ಲಾಡಿಸದೆ ಮೇಜಿನ ಕೆಳಗೆ ಕಾಲು ಚಾಚಿ ಅವನ ಪಾದ ಒತ್ತಿದಳು. ಅವನ ಕೈ ನಿಲ್ಲಲಿಲ್ಲ. ಇನ್ನೂ ಜೋರಾಗಿ ಒತ್ತಿದಳು. ಆಸಾಮಿ ತುತ್ತು ಬಾಯಿಗಿಡುತ್ತ, "ಅಮ್ಮಾ, ಇವತ್ತು ಅನ್ನ ಹೂವಿನ ಹಾಗಿದೆ," ಎಂದ. ಇಷ್ಟು ವರ್ಷದ ಕೆಲಸದಲ್ಲಿ ಅವಳ ಬ್ರೇಕ್ ಹಿಡಿಯದೇ ಇದ್ದದ್ದು ಅದೇ ಮೊದಲು. ಮೂರನೇ ಸಲ ಹಿಮ್ಮಡಿಯನ್ನೇ ಊರಿದಳು.

ಅತ್ತೆ ಥಟ್ಟನೆ ಎದ್ದರು. "ನಂಗೆ ಸಾಕು," ಎಂದು ತಟ್ಟೆ ತೆಗೆದುಕೊಂಡು ಹೋದರು.

ಎಲ್ಲರೂ ಎದ್ದ ಮೇಲೆ ಪಾತ್ರೆಯ ತಳದಲ್ಲಿ ಒಂದು ಬಟ್ಟಲಿನಷ್ಟು ಅನ್ನ ಉಳಿದಿತ್ತು. ಬ್ರೇಕಕ್ಕನಿಗೆ ಚಿನ್ನ ಸಿಕ್ಕಂತಾಯಿತು. ಪಾತ್ರೆ ಎತ್ತಿಕೊಂಡು ತಿರುಗಿದರೆ ಬಾಗಿಲಲ್ಲಿ ಅತ್ತೆ. ಅವರು ಪಾತ್ರೆಯೊಳಗೆ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕಪಾಟಿನಿಂದ ಆ ಹಳೆಯ ಮುಚ್ಚಳ ತೆಗೆದು, ಸೆರಗಿನಿಂದ ಒರೆಸಿ, ಸೊಸೆಯ ಕೈಯಲ್ಲಿಟ್ಟರು.

"ನಾಳೆಯಿಂದ ಅಕ್ಕಿ ನೀನೇ ಹಾಕಮ್ಮ. ನನ್ನ ಕಣ್ಣಳತೆ ಹೋಯ್ತು. ವಯಸ್ಸಾಯ್ತು."

ಸುಮ್ಮನಿದ್ದರೆ ಅನ್ನ ಉಳಿಯುತ್ತದೆ, ಬಾಯಿ ಬಿಟ್ಟರೆ ಪಂದ್ಯ ಹೋಗುತ್ತದೆ. ಕಾರಿನೊಳಗೆ ಎಂಥ ಏರಿನಲ್ಲೂ ನಡುಗದವಳು ಅಲ್ಲಿ ನಿಂತು ಒಂದು ಕ್ಷಣ ಲೆಕ್ಕ ಹಾಕಿದಳು. ಕೈಯಲ್ಲಿದ್ದ ಮುಚ್ಚಳದ ಅಂಚು ಸವೆದು ಕಾಗದದಷ್ಟು ತೆಳ್ಳಗಾಗಿತ್ತು. ಅದನ್ನು ಹಿಡಿದುಕೊಂಡು ಸುಳ್ಳು ಹೇಳುವುದು ಆಗಲಿಲ್ಲ.

"ನಿಮ್ಮ ಅಳತೆ ತಪ್ಪಿಲ್ಲ ಅತ್ತೆ. ನಾವೇ ಬೇಕೂಂತ ಕಮ್ಮಿ ತಿಂದ್ವಿ. ಫ್ರೈಡ್ ರೈಸಿಗೆ ನಿನ್ನೆ ಅನ್ನ ಬೇಕಂತೆ. ನಿಮ್ಮನ್ನ ಕೇಳೋಕೆ ಮುಖ ಬರ್ಲಿಲ್ಲ."

ಅತ್ತೆ ಮುಚ್ಚಳವನ್ನು ಅವಳ ಕೈಯಿಂದ ಫಕ್ಕನೆ ಕಿತ್ತುಕೊಂಡರು. "ಗೊತ್ತು. ನೀನಾಗೇ ಹೇಳ್ತೀಯೋ ಇಲ್ವೋ ನೋಡೋಣ ಅಂದ್ಕೊಂಡೆ. ಬಾಗಿಲಲ್ಲಿ ಕುಸಿದು ಬೀಳೋ ನಾಟಕ ಅವನು ಸ್ಕೂಲಿಗೆ ಹೋಗೋವಾಗ್ಲೇ ಮಾಡಿ ಮುಗಿಸಿದಾನೆ. ಅಂದಹಾಗೆ, ಉಳಿದಿರೋದು ನಿಮ್ಮ ಪಾಲಲ್ಲ, ನಂದು."

"ನಿಮ್ದಾ?"

"ಮತ್ತೆ? ಅವನು ನಿಮ್ಮಿಬ್ಬರ ಪಾಲನ್ನೂ ಸೇರಿಸಿ ನುಂಗಿದ. ನಾನು ಬಡಿಸ್ಕೊಳ್ಳೋಕೆ ಕೈ ಚಾಚಿದ್ರೆ ಮೂರು ಸಲ ಕಾಲು ತುಳಿದೆಯಲ್ಲೇ! ನಾನೇನು ಕಾರಾ, ತುಳಿದ್ರೆ ನಿಲ್ಲೋಕೆ?"

ಒಳಗಿನ ಕೋಣೆಯಲ್ಲಿ ಓದುವ ನೆಪ ಮಾಡಿದ್ದ ಮಗಳು ನಗುವುದು ಗೋಡೆಯ ಆಚೆಯಿಂದ ಕೇಳಿಸಿತು. ಬ್ರೇಕಕ್ಕನ ಮುಖ ಕೆಂಪೇರಿತು. "ನಿಂತ್ರಲ್ಲ ಅತ್ತೆ," ಎಂದಳು.

ಅತ್ತೆ ನಗಲಿಲ್ಲ, ಆದರೆ ಮೂಗಿನ ಹೊಳ್ಳೆ ಅರಳಿತು. ಪಾತ್ರೆಯಲ್ಲಿದ್ದ ಅನ್ನವನ್ನು ತಟ್ಟೆಗೆ ಸುರಿದುಕೊಂಡು ಅಲ್ಲೇ ನಿಂತು ಉಂಡರು. ಬೆರಳು ನೆಕ್ಕುತ್ತ ಕೇಳಿದರು, "ಎಷ್ಟು ಬೇಕು ಅವನಿಗೆ?"

"ನಾಲ್ಕು ಜನಕ್ಕಾಗೋಷ್ಟು."

"ಒಂದು ಬಟ್ಟಲಲ್ಲಿ ನಾಲ್ಕು ಜನಕ್ಕೆ ಹಾಕೋಕೆ ಹೊರಟಿದ್ರಲ್ಲ, ನಿಮಗೆ ಅಳತೆ ಅನ್ನೋದೇ ಇಲ್ಲ." ಮತ್ತೆ ಒಲೆ ಹಚ್ಚಿದರು. ಅಕ್ಕಿ ತೊಳೆದರು, ನೀರು ಒಂದಿಷ್ಟು ಕಡಿಮೆ ಇಟ್ಟರು. ಬೆಂದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಫ್ಯಾನಿನ ಕೆಳಗಿಟ್ಟರು. ಆರಿದ ಮೇಲೆ ಫ್ರಿಜ್ಜಿನ ಬಾಗಿಲು ತೆಗೆದು ಒಳಗೆ ಸರಿಸುವ ಮೊದಲು ಸೊಸೆಯತ್ತ ಬೆರಳು ತೋರಿಸಿದರು. "ಇದು ಉಳಿದ ಅನ್ನ ಅಲ್ಲ, ತಿಳ್ಕೋ. ನಾಳೇದು. ಇವತ್ತೇ ಬೆಂದಿದೆ, ಅಷ್ಟೇ."

ಭಾನುವಾರ ಗಂಡ ಅಡುಗೆ ಕಟ್ಟೆಯ ಮೇಲೆ ಸ್ಪ್ಯಾನರ್ ಜೋಡಿಸುವಂತೆ ಎಲ್ಲ ಜೋಡಿಸಿದ. ಜಜ್ಜಿದ ಬೆಳ್ಳುಳ್ಳಿ, ಸಣ್ಣಗೆ ಸೀಳಿದ ಕೋಳಿ ತೊಡೆ, ಮೊಟ್ಟೆ, ಈರುಳ್ಳಿ ಸೊಪ್ಪು, ಬಿಳಿ ಮೆಣಸಿನ ಪುಡಿ, ಚಿಟಿಕೆ ಸಕ್ಕರೆ. ಉರಿ ಪೂರ್ತಿ ಏರಿಸಿದ. ಬೆಳ್ಳುಳ್ಳಿ ಚಿಟಪಟ ಎಂದಿತು, ಕೋಳಿ ಬಿದ್ದು ಬಣ್ಣ ತಿರುಗಿತು. ಅದನ್ನು ಪಕ್ಕಕ್ಕೆ ತಳ್ಳಿ ಮೊಟ್ಟೆ ಒಡೆದು ಕದಡಿದ. ಆಮೇಲೆ ತಣ್ಣನೆಯ ಅನ್ನ. ಬಾಣಲೆಯಿಂದ ಹೊಗೆ ಎದ್ದಿತು. ಬಾಗಿಲಲ್ಲಿ ಕೈ ಕಟ್ಟಿ ನಿಂತಿದ್ದ ಬ್ರೇಕಕ್ಕನ ಬಲಗಾಲು ತನ್ನಷ್ಟಕ್ಕೆ ತಾನೇ ನೆಲ ಒತ್ತಿತು. ಬಾಯಿ ಮಾತ್ರ ತೆರೆಯಲಿಲ್ಲ. ಗಾಡಿ ಓಡುತ್ತಿರುವಾಗ ಕಲಿಯುವವನಿಗೆ ಅಡ್ಡಬಾಯಿ ಹಾಕಬಾರದು ಎಂಬುದು ಅವಳ ಕೆಲಸದ ಮೊದಲ ಪಾಠ. ಅನ್ನ ಅಗುಳು ಅಗುಳಾಗಿ ಬಿಡಿಸಿಕೊಂಡಿತು. ಫಿಶ್ ಸಾಸ್ ಬಿದ್ದಾಗ ಒಂದು ಗಳಿಗೆ ನಾರಿದ್ದು, ಮರುಗಳಿಗೆ ಹುರಿದ ಘಮವಾಗಿ ತಿರುಗಿತು.

ಸೌತೆಕಾಯಿ ಬಿಲ್ಲೆ, ನಿಂಬೆ ಹೋಳಿನ ಜೊತೆ ತಟ್ಟೆ ಬಂತು. ಅತ್ತೆ ಉಂಡರು. ಬ್ರೇಕಕ್ಕ ತನ್ನ ಎರಡೂ ಕಾಲುಗಳನ್ನು ಕುರ್ಚಿಯ ಕೆಳಗೆ ಭದ್ರವಾಗಿ ಹಿಂದಕ್ಕೆ ಎಳೆದುಕೊಂಡು ಕೂತಿದ್ದಳು. ತಟ್ಟೆ ಖಾಲಿಯಾಯಿತು. ಅತ್ತೆ ನೀರು ಕುಡಿದರು, ಬಾಣಲೆಯತ್ತ ನೋಡಿದರು, ಮಗನ ಮುಖ ನೋಡಿದರು, ತಟ್ಟೆ ಮುಂದಕ್ಕೆ ತಳ್ಳಿದರು.

"ಉಪ್ಪು ಸ್ವಲ್ಪ ಮುಂದಾಗಿದೆ. ಹಾಕು ಇನ್ನೊಂದು ಸೌಟು."

ಮಗಳು ಮೇಜು ಗುದ್ದಿದಳು. ಗಂಡ ಸೌಟು ಹಿಡಿದ ಕೈಯನ್ನೇ ಮೇಲೆತ್ತಿದ್ದರಿಂದ ನಾಲ್ಕಗುಳು ನೆಲಕ್ಕೆ ಬಿದ್ದವು. ಊಟ ಮುಗಿಯುವ ಹೊತ್ತಿಗೆ ಬಾಣಲೆಯಲ್ಲಿ ಒಂದಗುಳೂ ಉಳಿಯಲಿಲ್ಲ. ಅತ್ತೆ ಅದನ್ನು ವಾಲಿಸಿ ಎಲ್ಲರಿಗೂ ತೋರಿಸಿದರು. "ನೋಡಿದ್ರಾ? ಅಳತೆ ಅಂದ್ರೆ ಇದು."

ಅನ್ನ ಕೊಟ್ಟದ್ದಕ್ಕೆ ಅವರದೂ ಒಂದು ಷರತ್ತಿತ್ತು. ಮೊದಲನೇ ಭಾನುವಾರ ಕಾರಿನಲ್ಲಿ ತಾವೂ ಬರುವುದು, ಆಮೇಲಿನವೆಲ್ಲ ಸೊಸೆಯವೇ. ಬ್ರೇಕಕ್ಕ ಒಪ್ಪಿಕೊಂಡಳು.

ಮುಂದಿನ ಭಾನುವಾರ ಅವಳು ಸ್ಟಿಯರಿಂಗ್ ಹಿಡಿದು ಕೂತಳು, ಅತ್ತೆ ಪಕ್ಕದ ಸೀಟಿನಲ್ಲಿ ಚಪ್ಪಲಿ ಬಿಚ್ಚಿಟ್ಟು ಕೂತರು. ಬೀದಿಯ ತಿರುವು ದಾಟುವುದರೊಳಗೆ ಕಾರು ಮೂರು ಸಲ ಗಕ್ಕನೆ ನಿಂತಿತು. ಮೂರು ಸಲವೂ ಬ್ರೇಕಕ್ಕನ ಕಾಲು ಆಕ್ಸಿಲರೇಟರ್ ಮೇಲಿತ್ತು.