ಕೆಂಪು ಹಡಗು ಮನೆಗೆ ಬಂದದ್ದು

ಬೀದಿಗೆಲ್ಲ ಅವರು ಟಿವಿ ಭಾವ. ಹೆಂಡತಿಯ ತಮ್ಮನೊಬ್ಬನಿಗೆ ಭಾವನಾಗಿದ್ದವರು, ಟಿವಿ ರಿಪೇರಿ ಅಂಗಡಿ ಹಾಕಿದ ಮೇಲೆ ಊರಿಗೇ ಭಾವನಾದರು. ಕೆಟ್ಟಿದ್ದು ಕಣ್ಣಿಗೆ ಬಿದ್ದರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ. ನೆಂಟರ ಮನೆಗೆ ಊಟಕ್ಕೆ ಹೋದರೆ, ತಟ್ಟೆ ಇಡುವಷ್ಟರಲ್ಲಿ ಆ ಮನೆಯ ಗೋಡೆ ಗಡಿಯಾರ ಬಿಚ್ಚಿಕೊಂಡು ಅವರ ಮಡಿಲಲ್ಲಿ ಬಿದ್ದಿರುತ್ತಿತ್ತು. ಗೊರಗುಟ್ಟುವ ಫ್ಯಾನು, ಕಿರುಗುಟ್ಟುವ ಬಾಗಿಲು ಯಾವುದೂ ಅವರ ಕೈಯಿಂದ ಪಾರಾದದ್ದಿಲ್ಲ.

ಅವರ ಹೆಂಡತಿ ಚಿತ್ರಮಂದಿರದಲ್ಲಿ ಟಿಕೆಟ್ ಕೊಡುತ್ತಿದ್ದರು. ಸಿನಿಮಾ ಶುರುವಾಗಿ ಕೌಂಟರ್ ಮುಚ್ಚಿದರೆ ಮುಂದಿನ ಆಟದವರೆಗೆ ಪುರುಸೊತ್ತು. ಮೇಲಿನ ಮಹಡಿಯಲ್ಲಿ ಬೀರುವಿನಷ್ಟೆತ್ತರದ ವಿಡಿಯೋ ಗೇಮ್ ಯಂತ್ರವೊಂದಿತ್ತು. ನಕ್ಷತ್ರ ಮಿನುಗುವ ಕಪ್ಪು ಪರದೆಯ ಮೇಲಿನಿಂದ ಶತ್ರುಗಳ ಬಾಹ್ಯಾಕಾಶ ಹಡಗುಗಳು ಸಾಲುಗಟ್ಟಿ ಇಳಿಯುತ್ತವೆ, ಕೆಳಗಿರುವ ಫಿರಂಗಿಯಿಂದ ನಾವು ಅವನ್ನು ಉರುಳಿಸಬೇಕು. ಕಡೆಗೆ ಸೈರನ್ ಕೂಗುತ್ತ ಒಂದು ಕೆಂಪು ಹಡಗು ಬರುತ್ತದೆ. ಕಾಲೇಜು ಹುಡುಗರೆಲ್ಲ ಅದರ ಮುಂದೆ ಮಣ್ಣು ಮುಕ್ಕುತ್ತಿದ್ದರು. ಆಕೆ ಮಾತ್ರ ತಪ್ಪದೆ ಹೊಡೆಯುತ್ತಿದ್ದರು. ಆಗ ಆಕೆಯ ಮುಖ ನೋಡಬೇಕಿತ್ತು!

ಹೀಗಿರುವಾಗ ಆಕೆಯ ಮಂಡಿ ಕೈಕೊಟ್ಟಿತು. ಮೆಟ್ಟಿಲಿನ ಸಹವಾಸ ಬೇಡವೆಂದರು ಡಾಕ್ಟರು. ಕೆಲಸ ಬಿಟ್ಟು ಮನೆಯಲ್ಲಿ ಕುಳಿತ ಆಕೆ ಗೊಣಗಿದವರಲ್ಲ. ಒಂದು ಸಂಜೆ ಕಿಟಕಿಯಾಚೆ ನೋಡುತ್ತ, "ಟಿಕೆಟ್ ಹರಿದು ಹರಿದು ಸಾಕಾಗಿತ್ತು ಬಿಡಿ. ಆ ಕೆಂಪು ಹಡಗು ಒಂದೇ ನೆನಪಾಗೋದು" ಎಂದರು. ಅಷ್ಟೇ ಸಾಕಾಯಿತು. ಆ ಆಟವನ್ನು ಮನೆಗೆ ತಂದೇ ತರಬೇಕೆಂದು ಭಾವ ಹಟ ತೊಟ್ಟರು.

ಮನೆಗಳಿಗೆ ಪುಟ್ಟ ಕಂಪ್ಯೂಟರುಗಳು ಆಗಷ್ಟೇ ಬರತೊಡಗಿದ್ದವು. ನೋಡಲು ಬರಿಯ ಕೀಲಿಮಣೆ. ಪರದೆಗೆ ಮನೆಯ ಟಿವಿ, ಬರೆದದ್ದನ್ನು ಉಳಿಸಿಡಲು ಟೇಪ್ ರೆಕಾರ್ಡರು. ಭಾವ ಒಂದನ್ನು ತಂದು, ಜೊತೆಗೆ ಬಂದ ಪುಸ್ತಕವನ್ನು ಹಾಳೆ ಕಿತ್ತುಬರುವಷ್ಟು ಓದಿ, ಅದರ ಭಾಷೆ ಕಲಿತರು. ಚೌಕುಳಿ ಹಾಳೆಯ ಮನೆಗಳನ್ನು ತುಂಬಿ ತುಂಬಿ ಹಡಗುಗಳನ್ನು ಬಿಡಿಸಿದರು. ಆ ಡಬ್ಬಿಯ ನೆನಪಿನ ಶಕ್ತಿಯೋ ದೇವರಿಗೇ ಪ್ರೀತಿ! ನಕ್ಷತ್ರಗಳನ್ನು ತೆಗೆದುಹಾಕಿದ ಮೇಲೆಯೇ ಹಡಗುಗಳಿಗೆ ಜಾಗ ಸಿಕ್ಕಿದ್ದು. ಅಂತೂ ಒಂದು ದಿನ ಎಲ್ಲವೂ ಗಡಿಯಾರದಂತೆ ನಡೆಯಿತು.

ಹೆಂಡತಿ ಆಡಿದರು. ಕೆಂಪು ಹಡಗು ಸರ್ರನೆ ದಾಟಿ ಹೋಯಿತು. ಮತ್ತೆ ಆಡಿದರು, ಮತ್ತೆ ಸೋತರು.

"ಚೆನ್ನಾಗಿದೆ ರೀ."

"ಆದ್ರೆ?"

"ಅದಲ್ಲ ಇದು."

"ಏನು ಹೆಚ್ಚುಕಮ್ಮಿ ಆಗಿದೆ ಹೇಳು, ಸರಿ ಮಾಡ್ತೀನಿ."

"ನಂಗೇನ್ ಗೊತ್ತು? ನಾನೇನು ಇಂಜಿನಿಯರಾ?" ಎಂದು ಆಕೆ ಮೆಲ್ಲನೆ ಕೀಲಿಮಣೆಯನ್ನು ಪಕ್ಕಕ್ಕೆ ಸರಿಸಿದರು.

ಭಾವನ ಮುಖ ಸಪ್ಪಗಾಯಿತು. ಮರುದಿನ ಅಂಗಡಿಗೆ ಬೀಗ ಹಾಕಿ ಚಿತ್ರಮಂದಿರಕ್ಕೆ ಹೋಗಿ, ಯಾರೋ ಆಡುವುದನ್ನು ಬೆನ್ನ ಹಿಂದೆ ನಿಂತು ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಸೈರನ್ ಕೂಗಿತು. ಆ ಕ್ಷಣ ಪರದೆ ಅದುರಿ, ಕೆಂಪು ಹಡಗು ರೆಪ್ಪೆ ಬಡಿಯುವಷ್ಟು ಹೊತ್ತು ನಿಂತಲ್ಲೇ ನಿಂತು, ಆಮೇಲೆ ಮುಂದೆ ಹೋಯಿತು. ಇನ್ನೊಮ್ಮೆ ನೋಡಿದರೂ ಅದೇ ಕಥೆ. ಭಾವನಿಗೆ ಎಲ್ಲವೂ ಹೊಳೆಯಿತು. ಹೆಂಡತಿ ಹೊಡೆಯುತ್ತಿದ್ದದ್ದು ಹಡಗು ಹಾಗೆ ನಿಂತ ಕ್ಷಣದಲ್ಲೇ. ಯಂತ್ರದೊಳಗೆ ಕರೆಂಟ್ ಒದಗಿಸುವ ಭಾಗ ಸೋತಿದೆ, ಸೈರನ್ನಿನ ಭಾರ ತಡೆಯದೆ ಮುಗ್ಗರಿಸುತ್ತಿದೆ. ಒಂದು ಲೋಟ ಚಹಾ ಆರುವಷ್ಟರಲ್ಲಿ ಮುಗಿಯುವ ಕೆಲಸ. ಕೈ ತಾನಾಗಿಯೇ ಜೇಬಿನ ಸ್ಕ್ರೂಡ್ರೈವರಿಗೆ ಹೋಯಿತು.

"ಏನ್ ಭಾವ, ಏನಾದ್ರೂ ಕೆಟ್ಟಿದ್ಯಾ?" ಎಂದರು ಅತ್ತ ಬಂದ ಮ್ಯಾನೇಜರು.

"ಏನೂ ಇಲ್ಲ. ಕಲ್ಲುಗುಂಡಿನ ಹಾಗಿದೆ."

ಕೆಟ್ಟ ಯಂತ್ರದ ಬಗ್ಗೆ ಅವರು ಹೇಳಿದ ಮೊದಲ ಸುಳ್ಳು ಅದು. ಏನನ್ನೋ ಕದ್ದವರಂತೆ ಮೆಟ್ಟಿಲಿಳಿದರು.

ಮನೆಯಲ್ಲಿ ಕಾದಿದ್ದ ಕೆಲಸ ಅದಕ್ಕಿಂತ ಕಷ್ಟದ್ದು. ಜೀವಮಾನವೆಲ್ಲ ಕೆಟ್ಟದ್ದನ್ನು ಸರಿಮಾಡಿದವರು ಈಗ ಸರಿಯಾಗಿದ್ದದ್ದನ್ನು ಕೈಯಾರೆ ಕೆಡಿಸಬೇಕು! ಹಲ್ಲು ಕಚ್ಚಿಕೊಂಡು ಕೆಡಿಸಿದರು. ನಿಲುಗಡೆ ಹೆಚ್ಚಾದರೆ ಮಕ್ಕಳಾಟ, ಕಡಿಮೆಯಾದರೆ ಪ್ರಯೋಜನವಿಲ್ಲ. ಅಲ್ಲಿ ಕಂಡಷ್ಟೇ ಬರುವವರೆಗೆ ತಿದ್ದಿದರು.

ಮತ್ತೆ ಆಕೆಯನ್ನು ಟಿವಿ ಮುಂದೆ ಕೂರಿಸಿದರು. ಸೈರನ್ ಕೂಗಿತು, ಹಡಗು ನಿಂತಿತು, ಆಕೆಯ ಬೆರಳು ಕೀಲಿಯನ್ನು ಒತ್ತಿತು. ಕೆಂಪು ಚೂರುಗಳು ಪರದೆಯ ತುಂಬ ಚೆಲ್ಲಿದವು.

"ಹಾಂ! ಈಗ ಬಂತು ನೋಡಿ!" ಮನೆಗೆ ಬಂದು ಕುಳಿತಾಗಿನಿಂದ ಕಾಣದಿದ್ದ ಮುಖ ಅದು.

ಭಾವನ ಬಾಯಲ್ಲಿ ಗುಟ್ಟು ನಿಲ್ಲಲಿಲ್ಲ. "ಒಂದು ವಿಷಯ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಅಲ್ಲಿರೋ ಮೆಷಿನ್ನೇ ಕೆಟ್ಟಿದೆ ಕಣೇ. ಸೈರನ್ ಬಂದಾಗ ಒಂಚೂರು ನಿಲ್ಲುತ್ತೆ."

"ಗೊತ್ತು," ಎಂದರು ಆಕೆ, ಪರದೆಯಿಂದ ಕಣ್ಣು ತೆಗೆಯದೆ. "ಮೊದಲನೇ ದಿನದಿಂದ್ಲೂ ಗೊತ್ತು."

"ಮತ್ತೆ ಇಷ್ಟು ವರ್ಷ ಬಾಯೇ ಬಿಡ್ಲಿಲ್ಲ? ಮೊನ್ನೆ ಕೇಳಿದಾಗ್ಲೂ?"

"ಬಾಯಿ ಬಿಟ್ಟಿದ್ರೆ ನೀವು ಸುಮ್ನೆ ಬಿಡ್ತಿದ್ರಾ? ಓಡಿಹೋಗಿ ರಿಪೇರಿ ಮಾಡಿಬಿಡ್ತಿದ್ರಿ."

ಭಾವ ನಕ್ಕುಬಿಟ್ಟರು. ಆಮೇಲೆ ಜೇಬಿನ ಸ್ಕ್ರೂಡ್ರೈವರ್ ತೆಗೆದು ಟಿವಿಯ ಮೇಲಿಟ್ಟು, ಕುರ್ಚಿ ಎಳೆದುಕೊಂಡು ಆಕೆಯ ಪಕ್ಕ ಕುಳಿತರು.