ಮೂರನೆಯ ಸುತ್ತಿನ ನಮಸ್ಕಾರ

ಕಳೆದ ಭಾನುವಾರ ನನ್ನ ಮಗಳು ಶ್ರಾವಣಿ ಎದುರಾಳಿಗೆ ತಲೆಬಾಗಿ ನಮಸ್ಕರಿಸಿದಳು. ಅವನು ಆ ಗಳಿಗೆಯಲ್ಲೇ ಕತ್ತಿ ಬೀಸಿದ. ಅವಳ ಅರ್ಧ ಪ್ರಾಣ ಹೋಯಿತು.

(ಗಾಬರಿ ಬೇಡ. ಎಲ್ಲ ಪರದೆಯ ಮೇಲೆ.)

ಪುಣೆಯ ಶಿವಾಜಿನಗರದಲ್ಲಿರುವ ಅವಳ ಕಾಲೇಜಿನಲ್ಲಿ ವಿಡಿಯೋ ಗೇಮ್ ಪಂದ್ಯ. ಗೆದ್ದವರಿಗೆ ಕಾಲೇಜು ತಂಡದ ನಾಯಕತ್ವ. ಅದಕ್ಕಾಗಿ ಅವಳು ವರ್ಷವಿಡೀ ಒದ್ದಾಡಿದ್ದಳು. ಫೈನಲ್‌ನಲ್ಲಿ ಮೂರು ಸುತ್ತು. ಒಂದೇ ಸರಣಿಯ ಮೂರು ಭಾಗಗಳಲ್ಲಿ ಒಂದೊಂದು ದ್ವಂದ್ವಯುದ್ಧ. ಕೋಟೆ, ರಾಕ್ಷಸರು, ಗುರಾಣಿ ಹಿಡಿದ ಯೋಧರು ಇರುವಂಥ ಗೇಮು.

ಈ ಹುಚ್ಚು ಹತ್ತಿಸಿದ್ದು ನಾನೇ. ಮೊದಲ ಭಾಗ ಬಂದ ಹೊಸತರಲ್ಲಿ ನಾನು ಮತ್ತು ಗೆಳೆಯ ಗುರುನಾಥ (ವಿಜಯಪುರದವನು, ಇಲ್ಲಿಯ ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ವ್ಯಾಪಾರ) ಅವರವರ ಮನೆಯಲ್ಲಿ ಕೂತು ಆನ್‌ಲೈನ್‌ನಲ್ಲಿ ಕಾದಾಡುತ್ತಿದ್ದೆವು. ಆ ಭಾಗದಲ್ಲಿ ಕತ್ತಿಗೆ ತೂಕವಿತ್ತು. ಒಂದು ಏಟು ತಪ್ಪಿದರೆ ಎದುರಾಳಿ ನಿಮ್ಮ ಬೆನ್ನ ಹಿಂದೆ. ಎರಡನೆಯದರಲ್ಲಿ ದಣಿವು ಬಂತು. ಸುಮ್ಮನೆ ಉರುಳಾಡಿದರೆ ಉಸಿರು ಖಾಲಿ. ಮೂರನೆಯದು? ವೇಗವೋ ವೇಗ. ಮೊದಲು ನುಗ್ಗಿದವನೇ ಜಾಣ, ಸ್ವಾರಗೇಟ್ ನಿಲ್ದಾಣದ ನೂಕುನುಗ್ಗಲಿನಲ್ಲಿ ಬಸ್ ಹತ್ತಿದ ಹಾಗೆ.

ಆದರೆ ಮೊದಲ ಭಾಗದಲ್ಲಿ ಮರ್ಯಾದೆಯಿತ್ತು ಎಂದು ಮಗಳಿಗೆ ಹೇಳುತ್ತಲೇ ಬಂದಿದ್ದೆ. ಎದುರುಬದುರು ನಿಂತು, ತಲೆಬಾಗಿ, ಆಮೇಲೆ ಕತ್ತಿ ಎತ್ತುತ್ತಿದ್ದೆವು ಎಂದು.

ಅವಳು ಪ್ರತಿ ಸುತ್ತಿನಲ್ಲೂ ಬಾಗಿದಳು. ಮೊದಲೆರಡರಲ್ಲಿ ಕತ್ತಿಗಳೇ ನಿಧಾನ. ಬಾಗಿ ಏಳುವಷ್ಟರಲ್ಲಿ ಏನೂ ಆಗಲಿಲ್ಲ. ಒಂದು ಗೆದ್ದಳು, ಒಂದು ಸೋತಳು. ಮೂರನೆಯದರಲ್ಲಿ ಬಿತ್ತು ಏಟು.

ಪಕ್ಕದಲ್ಲಿದ್ದ ಗುರುನಾಥ ನನ್ನ ತೊಡೆಗೆ ಗುದ್ದಿದ. "ಲೇ, ನಮ್ಮ ಹುಡುಗಿ ಇನ್ನೂ ಯಾಕ ಬಾಗ್ತದ?"

"ನಾವು ಬಾಗ್ತಿದ್ವಲ್ಲೋ."

"ನಾವಾ? ಯಾವಾಗ? ಆಗ ನೆಟ್ ಭಾಳ ಸ್ಲೋ ಇತ್ತು. ಎರಡೂ ಗೊಂಬಿ ಗರ ಬಡದಂಗ ನಿಂತಿರ್ತಿದ್ವು. ನೆಟ್ ಹತ್ತಿದ ಕೂಡ್ಲೆ ಮೊದ್ಲು ಗುಮ್ಮಾಂವ ನೀನ!"

ನಾನು ತತ್ವಶಾಸ್ತ್ರ ಓದಿದವನು. ದೇವರಿಂದ ದಿನಪತ್ರಿಕೆಯವರೆಗೆ ಎಲ್ಲವನ್ನೂ ಸಂಶಯಿಸಿದ್ದೇನೆ. ಈ ಒಂದು ನೆನಪನ್ನು ಯಾಕೆ ಬಿಟ್ಟೆ? ಬಾಗಿದ ಆ ಎರಡು ತಲೆಗಳು ಈಗಲೂ ಕಣ್ಣ ಮುಂದಿವೆ. ನೋಡಿದ್ದೆನೇ, ಕಟ್ಟಿಕೊಂಡೆನೇ? ನನ್ನ ಕಲ್ಪನೆಗೆ ಮಗಳು ನಾಯಕತ್ವದ ಬೆಲೆ ತೆರುತ್ತಿದ್ದಾಳೆಯೇ?

ಪರದೆಯ ಮೇಲೆ ಅವಳು ಹಿಂದೆ ಸರಿದಳು. ಗುರಾಣಿ ಎತ್ತಿ ಕಾದಳು. ಅವನು ಬೀಸಿದ, ಮತ್ತೆ ಬೀಸಿದ. ಸಂದು ಸಿಕ್ಕಾಗಲೆಲ್ಲ ಅವಳು ಒಂದೊಂದೇ ಏಟು ಕೊಟ್ಟಳು. ಕೊನೆಗೆ ಇಬ್ಬರಲ್ಲೂ ಎಳೆಯಷ್ಟು ಪ್ರಾಣ. ಹಾಲ್ ತುಂಬ "ಮಾರ್, ಮಾರ್!"

ಅವನ ಕತ್ತಿ ಮೊದಲು ತಾಗಿತು.

ಅವಳು ಎದ್ದು ಅವನ ಕೈ ಕುಲುಕಿದಳು. ಕಣ್ಣುಗಳು ಮಾತ್ರ ತುಂಬಿದ್ದವು.

ಪಾರ್ಕಿಂಗ್‌ನಲ್ಲಿ ಧೈರ್ಯ ಮಾಡಿ ಹೇಳಿದೆ. "ಪುಟ್ಟಿ, ಆ ನಮಸ್ಕಾರ... ಹಂಗೇನೂ ಇರ್ಲಿಲ್ಲಂತ. ನನಗ ತಪ್ಪು ನೆನಪು."

"ಗೊತ್ತದಪ್ಪಾ. ಗುರು ಕಾಕಾ ಹೋದ ವರ್ಷನ ಹೇಳ್ಯಾರ."

"ಮತ್ತ್ಯಾಕ ಬಾಗಿದಿ?"

ಹೆಲ್ಮೆಟ್ ಹಾಕಿಕೊಳ್ಳುತ್ತಾ ಅಂದಳು: "ಛಲೋ ಅದ ಅನ್ನಿಸ್ತು. ಯಾರರೆ ಒಬ್ರು ಶುರು ಮಾಡ್ಬೇಕಲಾ?"

ನನ್ನ ಎದೆ ಎಷ್ಟು ಉಬ್ಬಿತೆಂದರೆ ಜಾಕೆಟ್ಟಿನ ಜಿಪ್ ಹಾಕಲು ಹೆಣಗಬೇಕಾಯಿತು.

ಮೂರು ಭಾಗಗಳಲ್ಲಿ ಯಾವುದರ ಕಾಳಗ ಚೆಂದ ಎಂದು ಕೇಳುವವರಿಗೆ ಇನ್ನು ಮೇಲೆ ಮೂರನೆಯದು ಎನ್ನುತ್ತೇನೆ. ನೀವೇ ಹೇಳಿ, ನಮ್ಮ ಕಾಲದಲ್ಲಿ ಇಂಥ ಮರ್ಯಾದೆ ಎಲ್ಲಿತ್ತು?