ಬಾಗಿಲಲ್ಲಿ ನಿಂತವಳ ದವಡೆ

ನನ್ನ ದವಡೆ ಮುರಿದ ಸದ್ದು ನನಗೇ ಕೇಳಿಸಿತು. ಒಣಗಿದ ತೊಗರಿ ಕಟ್ಟಿಗೆಯನ್ನು ಮೊಣಕಾಲಿಗೆ ಹಚ್ಚಿ ಮುರಿದಂಥ ಸದ್ದು. ಆಮೇಲೆ ಬಾಯಿ ತುಂಬ ಬಿಸಿ ರಕ್ತ, ಮುಖದ ಮೇಲೆ ತಣ್ಣೀರು. ಹೊಡೆದದ್ದು ನೀರು ತುಂಬಿದ ಹಿತ್ತಾಳೆ ತಂಬಿಗೆಯಿಂದ.

ಶಹಾಪುರದ ಒಂದು ಖಾಸಗಿ ಆಸ್ಪತ್ರೆ. ನಾನು ಅಲ್ಲಿ ಐಸಿಯು ಸ್ಟಾಫ್ ನರ್ಸ್. ಬಿಎಸ್ಸಿ ನರ್ಸಿಂಗ್. ಮುದನಾಳದಲ್ಲಿ ಕುರಿ ಸಾಕುವ ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಬೆಳಿಗ್ಗೆ ಹಟ್ಟಿಯ ಹಿಕ್ಕೆ ಬಳಿದು, ಕೈ ತೊಳೆದು, ಮೂಸಿ ನೋಡಿಕೊಂಡು, ಬಸ್ ಹತ್ತಿ ಓದಿದವಳು. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ.

ಆ ಮಧ್ಯಾಹ್ನ ಒಳಗೆ ಹಾರ್ಟ್ ಅಟ್ಯಾಕ್ ಆದ ಮುದುಕರಿದ್ದರು. ಹೊರಗೆ ಅವರ ಮಗ ತಂಬಿಗೆ ಹಿಡಿದು ನಿಂತಿದ್ದ. ಜೀವ ಹೋಗುವ ಮುಂಚೆ ಮಕ್ಕಳು ಬಾಯಿಗೆ ನೀರು ಬಿಡಬೇಕು. ಬಿಡದಿದ್ದರೆ ಮಗನಾಗಿ ಹುಟ್ಟಿದ್ದೇ ದಂಡ ಎನ್ನುತ್ತಾರೆ ನಮ್ಮ ಕಡೆ.

"ಸಿಸ್ಟರ್, ಒಂದು ಗುಟುಕು ಬಿಟ್ಟು ಬರ್ತೀನ್ರಿ," ಎಂದ.

"ಟ್ರೀಟ್‌ಮೆಂಟ್ ನಡದೈತ್ರಿ ಅಣ್ಣಾರ. ಸ್ವಲ್ಪ ತಡೀರಿ."

ಆ ಆಸ್ಪತ್ರೆಯ ಪದ್ಧತಿ ಹಾಗಿತ್ತು. ರೋಗಿ ಉಳಿಯುವುದಿಲ್ಲ ಎಂದು ಗೊತ್ತಾದ ಮೇಲೆ ಡಾಕ್ಟರು ಹೊರಗೆ ಮುಖ ತೋರಿಸುವುದಿಲ್ಲ. ಸಿಸ್ಟರ್ ಬಾಗಿಲಲ್ಲಿ ನಿಂತು ಟ್ರೀಟ್‌ಮೆಂಟ್ ನಡೆದಿದೆ ಎನ್ನುತ್ತಿರಬೇಕು. ಡಾಕ್ಟರ ಕಾರು ಹಿಂದಿನ ಗೇಟಿನಿಂದ ಹೋದ ಮೇಲೆ ಸತ್ತ ಸುದ್ದಿಯನ್ನೂ ಅವಳೇ ಹೇಳಬೇಕು.

ಹೇಳಿದೆ.

ಮಗ ಒಳಗೆ ನುಗ್ಗಿ ಅಪ್ಪನ ಕೈ ಮುಟ್ಟಿದ. "ತಣ್ಣಗಾಗ್ಯಾನ! ಯಾವಾಗೋ ಹೋಗ್ಯಾನ! ಬಾಯಾಗ ನೀರು ಬಿಡಾಕ ಕೊಡದ ಸುಳ್ಳು ಹೇಳ್ಕೊಂತ ನಿಂತಿದ್ದೀಯಲ್ಲ!" ಎಂದು ತಂಬಿಗೆ ಬೀಸಿದ. ಅವನ ಹಿಂದೆ ಬಂದವರು ನನ್ನ ಜಡೆ ಹಿಡಿದು ನೆಲಕ್ಕೆಳೆದರು. ಹೊಟ್ಟೆಗೆ ಒದೆ ಬಿತ್ತು. ಕಿಟಕಿ ಗಾಜು ಒಡೆಯಿತು. ಡ್ರಿಪ್ ಸ್ಟ್ಯಾಂಡ್ ಎತ್ತಿ ಮಾನಿಟರ್ ಚಚ್ಚಿದರು. ಅದರ ಚೂರುಗಳ ನಡುವೆ ನನ್ನದೇ ಒಂದು ಹಲ್ಲು ಬಿದ್ದಿತ್ತು.

ಬಿಡಿಸಲು ಒಬ್ಬರೂ ಬರಲಿಲ್ಲ.

ಕಲಬುರಗಿಯ ಸರ್ಜನ್ ಮ್ಯಾಂಡಿಬಲ್ ಫ್ರ್ಯಾಕ್ಚರ್, ಕೆಳದವಡೆಯ ಎಲುಬು ಮುರಿದಿದೆ ಎಂದರು. ಮೇಲಿನ, ಕೆಳಗಿನ ಹಲ್ಲುಗಳನ್ನು ಸೇರಿಸಿ ತಂತಿ ಬಿಗಿದರು. ವಾಂತಿ ಬಂದರೆ ಉಸಿರುಗಟ್ಟೀತು, ತಂತಿ ತುಂಡರಿಸಲು ಕಟ್ಟರ್ ಸದಾ ಹತ್ತಿರವಿರಲಿ ಎಂದರು. ಎಷ್ಟೋ ರೋಗಿಗಳಿಗೆ ಇಂಥದ್ದನ್ನು ನಾನೇ ತಣ್ಣಗೆ ಹೇಳಿದ್ದೆ. ಮಂಚದ ಮೇಲೆ ಮಲಗಿ ಕೇಳಿದಾಗ ಕಟ್ಟರ್ ಕಡೆ ನೋಡಲೂ ಆಗಲಿಲ್ಲ. ಅವ್ವ ಮಾತ್ರ ಕಟ್ಟರ್ ಇಸಿದುಕೊಂಡು ಉಡಿಗೆ ಸಿಕ್ಕಿಸಿಕೊಂಡಳು.

"ಕುರಿ ತುಪ್ಪಟ ಕತ್ತರಿಸಿದ ಕೈರಿ ಇದು. ಈ ತಂತಿ ಯಾವ ಲೆಕ್ಕ?"

ನಾನು ಕೆಮ್ಮಿದರೆ ಸಾಕು, ಕಟ್ಟರ್ ಹಿಡಿದು ಎದೆಯ ಮೇಲೆ ಬರುತ್ತಿದ್ದಳು. ನಗು ಬರುತ್ತಿತ್ತು. ನಕ್ಕರೆ ತಂತಿ ಒಸಡನ್ನು ಸೀಳುತ್ತಿತ್ತು.

ಸೋಸಿದ ಜೋಳದ ಅಂಬಲಿ, ಮಜ್ಜಿಗೆ, ಒಂದು ಸ್ಟ್ರಾ. ಮೈ ಇಳಿಯಿತು. ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದಿಗೆ ತಲೆ ಮುಚ್ಚಿಕೊಂಡು ಮೂಲೆ ಸೇರುತ್ತಿದ್ದೆ. ಅವ್ವ ರೊಟ್ಟಿ ಬಡಿಯುವುದನ್ನು ಪಕ್ಕದ ಮನೆಗೆ ಸಾಗಿಸಿದಳು. ಕನಸಿನಲ್ಲಿ ತಂಬಿಗೆ ನನ್ನ ಕೈಯಲ್ಲಿರುತ್ತಿತ್ತು. ಹೊಡೆಯುತ್ತಿದ್ದವಳು ನಾನು. ಒಮ್ಮೆ ಮಗನ ಮುಖಕ್ಕೆ, ಒಮ್ಮೆ ಹಿಂದಿನ ಗೇಟಿನ ಕಾರಿಗೆ.

"ಟಗರು ಹಾದ್ರೂ ಹಿಂಗ ಹಾಯಂಗಿಲ್ಲ," ಎನ್ನುತ್ತಿದ್ದಳು ಅವ್ವ. "ಸಾಕವ್ವ ಈ ನೌಕರಿ. ಮನ್ಯಾಗ ಇರು."

ನಾನು ತಲೆ ಅಲ್ಲಾಡಿಸುತ್ತಿದ್ದೆ. ಅಷ್ಟು ಕಷ್ಟಪಟ್ಟು ಕಲಿತ ಕೆಲಸ. ಒಂದು ತಂಬಿಗೆಯ ಏಟಿಗೆ ಬಿಟ್ಟುಕೊಡುವುದೆ?

ಶಹಾಪುರದ ಆಸ್ಪತ್ರೆಯ ಡಾಕ್ಟರು ಹಣ್ಣು ಹಿಡಿದು ನೋಡಲು ಬಂದರು. ಹಲ್ಲಿಗೆ ತಂತಿ ಬಿಗಿದವಳಿಗೆ ಸೇಬುಹಣ್ಣು.

"ಹುಷಾರಾಗಿ ಬಾಮ್ಮ. ಐಸಿಯುಗೆ ಗಟ್ಟಿ ಗ್ರಿಲ್ ಹಾಕ್ಸೀನಿ."

"ಗ್ರಿಲ್ ಹೊರಗ ಯಾರು ನಿಂದರಬೇಕ್ರಿ ಸರ್?" ಹಲ್ಲಿನ ಸಂದಿಯಿಂದ ಕೇಳಿದೆ.

"ಸಿಸ್ಟರ್ಸೇ ಅಲ್ಲೇನಮ್ಮ?"

ಅವತ್ತೇ ಆ ಆಸ್ಪತ್ರೆ ಬಿಟ್ಟೆ.

ತಂತಿ ಬಿಚ್ಚಿದ ಮೇಲೆ ಹೊಸ ಕೆಲಸ ಹುಡುಕಲು ಹೊರಟೆ. ಪಗಾರ ನೋಡು, ರೂಮು ಕೊಡ್ತಾರೇನು ಕೇಳು, ಒಬ್ಬಳಿಗೆ ಎಷ್ಟು ಬೆಡ್ ಅಂತ ಮೊದಲೇ ಮಾತಾಡು ಎಂದರು ಜೊತೆಗೆ ಓದಿದವರು. ಎಲ್ಲಾ ಖರೆ. ಆದರೆ ಶಹಾಪುರಕ್ಕೆ ಸೇರುವಾಗಲೂ ಅವನ್ನೆಲ್ಲ ಕೇಳಿಯೇ ಸೇರಿದ್ದೆ. ಕೇಳದೆ ಬಿಟ್ಟದ್ದು ಒಂದೇ: ಇಲ್ಲಿ ಸತ್ತ ಸುದ್ದಿ ಯಾರು ಹೇಳುತ್ತಾರೆ? ನನ್ನ ಹಾಗೆ ಹೊಸ ಆಸ್ಪತ್ರೆ ಹುಡುಕುವ ತಂಗಿಯರು ಪಗಾರಕ್ಕಿಂತ ಮೊದಲು ಇದನ್ನು ಕೇಳಲಿ. ಹಿಂದಿನ ಗೇಟು ಯಾರಿಗಾಗಿ ಇದೆ ಎಂಬುದನ್ನೂ ಕಣ್ಣಾರೆ ನೋಡಲಿ.

ಯಾದಗಿರಿಯ ಒಂದು ಆಸ್ಪತ್ರೆಯಲ್ಲಿ ಹಾಗೆಯೇ ಕೇಳಿದೆ. ಮ್ಯಾನೇಜರ್ ಹುಬ್ಬು ಗಂಟಿಕ್ಕಿದ. "ಇನ್ನೂ ಕೆಲಸಕ್ಕ ಸೇರಿಲ್ಲ, ಸಾಯೋ ಮಾತ್ಯಾಕವ್ವ?" ಎದ್ದು ಬಂದೆ.

ಸುರಪುರದಲ್ಲಿ ಇಂಟರ್‌ವ್ಯೂ ಮಾಡಿದವರು ಡಾಕ್ಟರ್ ಮೇಡಂ. ನಾನು ಕೇಳಿದ ಅದೇ ಪ್ರಶ್ನೆಗೆ ನನ್ನ ಸೊಟ್ಟ ದವಡೆಯನ್ನು ಒಂದು ಗಳಿಗೆ ನೋಡಿದರು.

"ನಾನ ಹೇಳ್ತೀನಿ. ಜೀವ ಇದ್ದಾಗನ ಹೇಳ್ತೀನಿ. ಬೈಗುಳಾನೂ ಮೊದಲು ನನಗ ಬರ್ತಾವ, ನಿಮಗೂ ಒಂದೆರಡು ಉಳೀತಾವ. ಅದು ಬ್ಯಾರೆ ಮಾತು."

ಸೇರಿದೆ.

ಮೊನ್ನೆ ಬೋನಾಳದ ಮುದುಕಿಯೊಬ್ಬಳು ಐಸಿಯುನಲ್ಲಿದ್ದಳು. ಮೇಡಂ ಹೊರಗೆ ಹೋಗಿ ಮಗನ ಎದುರು ಕೂತು ಇದ್ದದ್ದನ್ನು ಹೇಳಿದರು. ಅವನು ಗೋಡೆಗೆ ತಲೆ ಚಚ್ಚಿಕೊಂಡ. ಕುರ್ಚಿ ಒದ್ದ. ಮೇಡಂ ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು.

ಅವನ ಕೈಯಲ್ಲಿ ತಂಬಿಗೆ.

ದವಡೆಗೆ ಕೈ ಅಡ್ಡ ಹಿಡಿದೆ. ಹಿಂದೆ ಸರಿದೆ. ಬೆನ್ನಿಗೆ ಮಂಚದ ಸರಳು ತಾಗಿತು.

"ಕೈ ನಿಲ್ಲವಲ್ದ್ರಿ ಅಕ್ಕಾರ," ಎಂದ. "ಸ್ವಲ್ಪ ಹಿಡೀರಿ."

ಒಂದು ಕೈಯಿಂದ ಮುದುಕಿಯ ತಲೆ ಎತ್ತಿದೆ. ಇನ್ನೊಂದು ಕೈಯಿಂದ ಅವನ ಮಣಿಕಟ್ಟು ಹಿಡಿದೆ. ನೀರು ಅವಳ ತುಟಿ ತೋಯಿಸಿ ನನ್ನ ತೋಳಿಗೆ ಹರಿಯಿತು. "ಯವ್ವಾ," ಎಂದ ಅವನು. ಅಷ್ಟೇ. ಯಾವ ಗಾಜೂ ಒಡೆಯಲಿಲ್ಲ.

ಶಹಾಪುರದ ಕೇಸು ಇನ್ನೂ ನಡೆದಿದೆ. ಹೊಡೆದವನಿಗೆ ನಾನು ಮಾಫಿ ಕೊಟ್ಟಿಲ್ಲ. ಎಡಗಡೆಯಿಂದ ಮಾತ್ರ ಅಗಿಯುತ್ತೇನೆ, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ. ಆದರೂ ಬಾಗಿಲಲ್ಲಿ ನಿಲ್ಲುತ್ತೇನೆ, ಬಾಯಲ್ಲಿ ಸುಳ್ಳಿಲ್ಲದೆ.

ಡ್ಯೂಟಿ ಮುಗಿದಾಗ ಅವ್ವನ ಫೋನು ಬರುತ್ತದೆ.

"ಇವತ್ತ ಯಾರೂ ಹೊಡದಿಲ್ಲಲ್ಲ?"

"ಇಲ್ಲವ್ವ."

"ಹಂಗಾರ ನಾಳಿನೂ ಹೋಗು."

ಕಟ್ಟರ್ ಮಾತ್ರ ಇನ್ನೂ ಅವಳ ಉಡಿಯಲ್ಲೇ ಇದೆಯಂತೆ.